ಯಾಂತ್ರಿಕರಿಗೆ ಸ್ವಾಗತ

ನಮ್ಮೂರಿನ ಇಗರ್ಜಿ ಹಳೆಯದು. ಟಿಪ್ಪು ಕಾಲದಲ್ಲಿ, 1784ರಲ್ಲಿ, ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದರಲ್ಲ, 1799ರ ನಂತರ ಅಲ್ಲಿಂದ ಬದುಕಿ ಬಂದವರು ಕಟ್ಟಿದ್ದು ಅಂತ ಹಿರಿಯರ ಮಾತು. ಕೆಂಪು ನೆಲ, ಮಂಗಳೂರು ಹೆಂಚು, ಮರದ ಆಲ್ತಾರ್. ಮಂಗಳೂರಿನ ಅಲೋಶಿಯಸ್ ಚಾಪೆಲ್‌ನ ಗೋಡೆ ತುಂಬಾ ಇಟಲಿಯ ಮೊಸ್ಕೇನಿ ಬಿಡಿಸಿದ ಚಿತ್ರಗಳಿವೆ. ನಮ್ಮ ಗೋಡೆಯಲ್ಲಿ ಬಾವಲಿಗಳಿವೆ. ಹಾಗಾಗಿ ಪರವೂರಿನವರು ಯಾರೂ ಬರುತ್ತಿರಲಿಲ್ಲ. ಕಳೆದ ಜನವರಿಯವರೆಗೆ.

ಬೆಂಗಳೂರಿನಿಂದ ಫೋನ್ ಬಂತು. ನಲವತ್ತೆರಡು ಜನ, ಅತ್ತೂರು ಯಾತ್ರೆ, ಒಂದು ರಾತ್ರಿ ತಂಗಬೇಕು. ಅತ್ತೂರು ಗೊತ್ತಲ್ಲ? ಕಾರ್ಕಳದ ಹತ್ತಿರ, ಸಂತ ಲಾರೆನ್ಸರ ಇಗರ್ಜಿ. 1759ರಲ್ಲಿ ಶುರುವಾದದ್ದು, 2016ರಲ್ಲಿ ಬಸಿಲಿಕ, ಅಂದರೆ ಪೋಪರ ವಿಶೇಷ ಮನ್ನಣೆ ಪಡೆದ ಇಗರ್ಜಿ ಆಯಿತು. ಸಂತರ ಹಬ್ಬ ಆಗಸ್ಟ್ 10ಕ್ಕೆ. ಆದರೆ ಆಗ ನಮ್ಮ ಕಡೆ ಕೊಡೆಯೇ ನಿಲ್ಲುವುದಿಲ್ಲ, ಜಾತ್ರೆ ಎಲ್ಲಿ ನಿಲ್ಲುತ್ತದೆ? ಅದಕ್ಕೇ ಇರಬೇಕು, ಸಾಂತ್ ಮಾರಿ ಅನ್ನುವ ಅಲ್ಲಿಯ ಜಾತ್ರೆ ಜನವರಿಯಲ್ಲಿ. ಯಾವ ಜಾತಿ, ಯಾವ ಧರ್ಮ ಅಂತಿಲ್ಲ, ಮೊಂಬತ್ತಿ ಹಿಡಿದುಕೊಂಡು ಎಲ್ಲರೂ ಹೋಗುತ್ತಾರೆ.

ಕೂಡಲೇ ಸಮಿತಿಯಾಯಿತು. ಊಟ ಹೆಂಗಸರಿಗೆ, ಚಾಪೆ ಯುವಕರಿಗೆ. ನನಗೆ ಬೋರ್ಡು. ನಾನೇ ಕೇಳಿ ತೆಗೆದುಕೊಂಡದ್ದು. ಬೋರ್ಡು ಬರೆಯುವುದು ನನಗೆ ಒಂದು ಚಟ. ನಮ್ಮ ಮನೆ ಫ್ರಿಜ್ಜಿನ ಮೇಲೂ ‘ಬಾಗಿಲು ನಿಧಾನವಾಗಿ ಹಾಕಿ’ ಅಂತ ಇದೆ. ಯಾರೂ ಹಾಗೆ ಹಾಕುವುದಿಲ್ಲ, ಅದು ಬೇರೆ ವಿಷಯ.

ಹತ್ತೊಂಬತ್ತು ಬೋರ್ಡು ಮಾಡಿಸಿದೆ. ‘ಕುಡಿಯುವ ನೀರು’, ‘ಕುಡಿಯಬಾರದ ನೀರು’, ‘ಬಾವಲಿಗಳಿವೆ, ಹೆದರಬೇಡಿ’. ಎಲ್ಲಕ್ಕಿಂತ ದೊಡ್ಡದು ಗೇಟಿನ ಫ್ಲೆಕ್ಸ್. ಅದರ ಮಾತನ್ನು ವಾಟ್ಸಾಪ್‌ನಲ್ಲಿ ಅವಸರದಲ್ಲಿ ಟೈಪ್ ಮಾಡಿ ಕಳಿಸಿದ್ದೆ. ಕಟ್ಟಿದ ಮೇಲೆ ಕೆಳಗೆ ನಿಂತು ಓದಿದೆ. ‘ಯಾಂತ್ರಿಕರಿಗೆ ಹೃತ್ಪೂರ್ವಕ ಸ್ವಾಗತ’.

ಒಂದು ಸೊನ್ನೆ ಮಾರಾಯ್ರೆ. ಒಂದೇ ಒಂದು ಸೊನ್ನೆ ಜಾಸ್ತಿ.

ಅದನ್ನು ಬಿಳಿ ಕಾಗದ ಅಂಟಿಸಿ ಮುಚ್ಚೋಣ ಅನ್ನುವಷ್ಟರಲ್ಲಿ ಬಸ್ಸು ಬಂದೇ ಬಿಟ್ಟಿತು. ಡ್ರೈವರ್ ಇಳಿದವನೇ ಫ್ಲೆಕ್ಸ್ ನೋಡಿದ. ಮುಖ ಅರಳಿತು. ‘ಸಾರ್, ಇಲ್ಲೇ ಗ್ಯಾರೇಜ್ ಇದೆಯಾ? ಚಾರ್ಮಾಡಿ ಇಳಿದಾಗಿನಿಂದ ಕ್ಲಚ್ಚು ಒಂಥರಾ ಇದೆ’ ಅಂದ. ಇಲ್ಲ ಅಂದೆ. ಅವನು ಮತ್ತೊಮ್ಮೆ ಫ್ಲೆಕ್ಸ್ ನೋಡಿದ, ಆಮೇಲೆ ನನ್ನನ್ನು ನೋಡಿದ.

ಗಂಜಿ, ಚಟ್ನಿ, ಒಣಮೀನು ಎಲ್ಲ ಚೆನ್ನಾಗಿಯೇ ಹೋಯಿತು. ಮಲಗಲು ಗಂಟೆಗೋಪುರದ ಬುಡದ ಕೋಣೆ ಕೊಟ್ಟಿದ್ದೆವು. ಫ್ಯಾನು ಎರಡೇ. ಬೆಂಗಳೂರಿನವರಿಗೆ ನಮ್ಮ ಜನವರಿಯೂ ಸೆಕೆ. ಸಂತ ಲಾರೆನ್ಸರನ್ನು ರೋಮಿನಲ್ಲಿ 258ರಲ್ಲಿ ಕಬ್ಬಿಣದ ಸರಳುಗಳ ಮೇಲೆ ಮಲಗಿಸಿ ಸುಟ್ಟರಂತೆ. ಆಗ ಅವರು ‘ಈ ಮಗ್ಗುಲು ಬೆಂದಿತು, ಮಗುಚಿ ಹಾಕಿ’ ಅಂದರು ಅಂತ ಕತೆ. ಅದಕ್ಕೇ ಅವರು ಅಡುಗೆಯವರಿಗೂ ಸಂತ, ನಗಿಸುವವರಿಗೂ ಸಂತ. ಚಾಪೆಯ ಮೇಲೆ ಹೊರಳುತ್ತಿದ್ದ ಒಬ್ಬ ಹಿರಿಯರು ಅದೇ ಮಾತು ಹೇಳಿ ಮಗ್ಗುಲು ಬದಲಿಸಿದರು. ಕೋಣೆಯೆಲ್ಲ ನಕ್ಕಿತು. ಆಮೇಲೆ ಎಲ್ಲರೂ ಎದ್ದು ಎರಡನೇ ಸಲ ಸ್ನಾನಕ್ಕೆ ಹೋದರು.

ನಲವತ್ತೆರಡು ಒದ್ದೆ ಟವೆಲ್. ಇದನ್ನು ನಾನು ಯೋಚಿಸಿರಲಿಲ್ಲ ಅಂತಲ್ಲ. ‘ಟವೆಲ್ ಇಲ್ಲಿ ಒಣಹಾಕಿ’ ಅಂತ ಬಾಣದ ಗುರುತಿನ ಬೋರ್ಡು ಇತ್ತು. ಅದರ ಒಂದು ಮೊಳೆ ಕಿತ್ತುಬಂದು, ಹೊರಗಿನ ತಂತಿ ತೋರಿಸಬೇಕಾಗಿದ್ದ ಬಾಣ ತಿರುಗಿ ಮೂಲೆಯಲ್ಲಿ ಇಳಿಬಿದ್ದ ಹಗ್ಗ ತೋರಿಸುತ್ತಿತ್ತು.

ಅದು ಗಂಟೆಯ ಹಗ್ಗ.

ನಮ್ಮಲ್ಲಿ ಸಂಜೆ ಪ್ರಾರ್ಥನೆಯ ಆಮೊರಿ ಗಂಟೆ ಆದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಕೇಳಿದರೆ ಒಂದೇ ಅರ್ಥ. ಯಾರೋ ತೀರಿಕೊಂಡಿದ್ದಾರೆ. ಅದೂ ಸಾವಿನ ಗಂಟೆ ಗಡಿಬಿಡಿಯಲ್ಲಿ ಹೊಡೆಯುವುದಿಲ್ಲ. ಒಂದು ಸಲ ಡಣ್. ಬಿಡುವು. ಇನ್ನೊಂದು ಸಲ ಡಣ್. ಹಗ್ಗಕ್ಕೆ ಹತ್ತು ಹನ್ನೆರಡು ಒದ್ದೆ ಟವೆಲ್ ಬಿಗಿದು, ಜಾರದ ಹಾಗೆ ಒಬ್ಬೊಬ್ಬರೇ ಬಂದು ಒಂದೊಂದು ಸಲ ಜಗ್ಗಿ ಗಂಟು ಹಾಕಿದರೆ ಸರಿಯಾಗಿ ಅದೇ ಲಯ ಬರುತ್ತದೆ. ನಾನು ಮನೆಯಲ್ಲಿ ದಿಂಬಿಗೆ ತಲೆ ಕೊಟ್ಟಿದ್ದೆನಷ್ಟೆ. ಹನ್ನೊಂದು ಮುಕ್ಕಾಲು.

ಊರಿನವರೆಲ್ಲರ ತಲೆಗೆ ಬಂದದ್ದು ಕೆಳಮನೆ ಅಜ್ಜ. ತೊಂಬತ್ತು ದಾಟಿದೆ, ಎರಡು ತಿಂಗಳಿಂದ ಹಾಸಿಗೆ. ಅವರ ಮನೆಗೆ ಫೋನ್ ಮಾಡಿದೆ. ನಾಲ್ಕನೇ ರಿಂಗಿಗೆ ಎತ್ತಿದ್ದು ಅಜ್ಜನೇ.

‘ನಾನಲ್ಲ ಮಾರಾಯ’ ಅಂದರು, ಹಲೋ ಗಿಲೋ ಏನೂ ಇಲ್ಲ. ‘ನೀನು ಆರನೆಯವ. ಹೋದದ್ದು ಯಾರು ಅಂತ ಗೊತ್ತಾದರೆ ನನಗೂ ಹೇಳು.’

ಹನ್ನೆರಡು ಗಂಟೆಗೆ ಇಗರ್ಜಿಯ ಅಂಗಳ ತುಂಬಿತ್ತು. ಟಾರ್ಚು, ಕಪ್ಪು ಶಾಲು, ಕೈಯಲ್ಲಿ ಜಪಸರ. ಹೆಂಗಸರಂತೂ ಸಾವಿನ ಮನೆಗೆ ಅಂತ ಕಾಫಿಯ ದೊಡ್ಡ ಫ್ಲಾಸ್ಕು, ಬಿಸ್ಕತ್ತು ಎಲ್ಲ ತಂದಿದ್ದರು. ಕೋಣೆಯ ಬಾಗಿಲು ತೆರೆದರೆ ಟವೆಲ್ಲುಗಳ ನಡುವೆ ನಲವತ್ತೆರಡು ಜನ ಕಣ್ಣು ಬಿಟ್ಟುಕೊಂಡು ನಿಂತಿದ್ದಾರೆ. ಒಂದು ಕ್ಷಣ ಯಾರಿಗೂ ಮಾತಿಲ್ಲ. ಆಮೇಲೆ ಬೆಂಗಳೂರಿನ ಒಬ್ಬ ಅಮ್ಮ ಕೈ ಮುಗಿದು, ‘ಅಯ್ಯೋ, ಯಾತ್ರಿಕರು ಬಂದರೆ ಇಷ್ಟೊತ್ತಿನಲ್ಲೂ ಗಂಟೆ ಹೊಡೆದು ಇಡೀ ಊರನ್ನೇ ಕರೆಸ್ತೀರಾ?’ ಅಂದರು.

ಹೌದು ಅಂದೆ. ಬೇರೆ ಏನು ಹೇಳುವುದು?

ಫ್ಲಾಸ್ಕು ಖಾಲಿಯಾಯಿತು. ಅಂಗಳದಲ್ಲೇ ಕೂತರು, ಹೊರಗೆ ಗಾಳಿಯೂ ಚೆನ್ನಾಗಿತ್ತು. ಯಾರದ್ದೋ ಚಿಕ್ಕಮ್ಮ ಇನ್ಯಾರದ್ದೋ ಅತ್ತಿಗೆಗೆ ಶಿವಾಜಿನಗರದಲ್ಲಿ ಪಕ್ಕದ ಮನೆ ಅಂತ ಗೊತ್ತಾಯಿತು. ನಾನು ಒಬ್ಬನೇ ಕೋಣೆಯೊಳಗೆ ಹೋಗಿ, ಗಂಟೆ ಮತ್ತೆ ಬಾರಿಸದ ಹಾಗೆ ಹಗ್ಗ ಮೇಲೆತ್ತಿ ಹಿಡಿದುಕೊಂಡು, ಒಂದೊಂದೇ ಟವೆಲ್ ಬಿಚ್ಚಿದೆ.

ಹೊರಗೆ ಬಂದಾಗ ಬಸ್ಸಿನ ಕೆಳಗೆ ಎರಡು ಕಾಲು ಕಂಡವು. ಪಕ್ಕದೂರಿನ ಒಬ್ಬ ಮೆಕ್ಯಾನಿಕ್. ಗಂಟೆ ಕೇಳಿ ಬೈಕ್ ಹತ್ತಿ ಬಂದವನಂತೆ. ಕೈಯೆಲ್ಲ ಗ್ರೀಸು. ನನ್ನನ್ನು ಕಂಡು ತಲೆ ಹೊರಗೆ ಹಾಕಿದ.

‘ಸಾವಿಗೆ ಅಂತ ಬಂದದ್ದು ಸರ್. ಗೇಟಿನಲ್ಲಿ ಬೋರ್ಡು ನೋಡಿದೆ, ನಮ್ಮನ್ನೂ ಕರೆದಿದ್ದೀರಲ್ಲ, ಹಾಗೆ ಸುಮ್ನೆ ಹೋಗುವುದು ಹೇಗೆ? ಹನ್ನೆರಡರ ಸ್ಪ್ಯಾನರ್ ಇದ್ದರೆ ಸ್ವಲ್ಪ ಕೊಡಿ.’