ಹೆಬ್ಬಾಳದ ಜಾಮ್‌ಗೆ ಮತ್ತೊಂದು ವರ್ಗಾವಣೆ

ಸರ್ಕಾರಿ ನೌಕರರಿಗೆ ಅರವತ್ತಕ್ಕೆ ನಿವೃತ್ತಿ. ಬೆಂಗಳೂರಿನ ಹೆಬ್ಬಾಳದ ಟ್ರಾಫಿಕ್ ಜಾಮ್‌ಗೆ ಅದಿಲ್ಲ, ಬರೀ ವರ್ಗಾವಣೆ. ಮಂತ್ರಿಗಳು ಬರುತ್ತಾರೆ, ಟೇಪು ಕತ್ತರಿಸುತ್ತಾರೆ, ಜಾಮ್ ಗಂಟುಮೂಟೆ ಕಟ್ಟಿಕೊಂಡು ಅರ್ಧ ಕಿಲೋಮೀಟರ್ ಆಚೆ ಹೋಗಿ ಚಾರ್ಜ್ ತಗೊಳ್ಳುತ್ತದೆ. ಅದರ ಸೇವಾ ಪುಸ್ತಕ ಒಮ್ಮೆ ತಿರುವಿ ಹಾಕೋಣ ಬನ್ನಿ.

ಮೊದಲ ಆದೇಶ 2003ರದ್ದು. ಬಳ್ಳಾರಿ ರಸ್ತೆಯೂ ಹೊರ ವರ್ತುಲ ರಸ್ತೆಯೂ ಸೇರುವ ಕಡೆ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಫ್ಲೈಓವರ್ ಕಟ್ಟಿ ಮುಗಿಸಿತು. ಕೈಕಾಲು ಎಲ್ಲ ಸೇರಿಸಿ ಅಳೆದರೆ ಐದು ಕಿಲೋಮೀಟರ್‌ಗೂ ಜಾಸ್ತಿ. ಆಗ ಊರಿಂದ ನೆಂಟರು ಬಂದರೆ ಲಾಲ್‌ಬಾಗ್, ವಿಧಾನಸೌಧದ ಜೊತೆ ಇದನ್ನೂ ತೋರಿಸುತ್ತಿದ್ದೆವು. ಸುಳ್ಳಲ್ಲ.

ಇದರ ಮೂಲ ಉಪಾಯಕ್ಕೆ ಕ್ಲೋವರ್ ಲೀಫ್ ಅಂತಾರೆ, ನಾಲ್ಕು ಎಸಳಿನ ಎಲೆ. ಅಮೆರಿಕದ ಆರ್ಥರ್ ಹೇಲ್ ಅನ್ನೋ ಎಂಜಿನಿಯರ್ 1916ರಲ್ಲೇ ಪೇಟೆಂಟ್ ಮಾಡಿಸಿಕೊಂಡಿದ್ದು. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ, ಬಲಕ್ಕೆ ಹೋಗಬೇಕಾದವನು ಬಲಕ್ಕೆ ತಿರುಗುವ ಹಾಗಿಲ್ಲ, ನೇರ ಮುಂದೆ ಹೋಗಿ ಎಡಕ್ಕೆ ಮುಕ್ಕಾಲು ಪ್ರದಕ್ಷಿಣೆ ಹಾಕಬೇಕು. ಸಿಗ್ನಲ್ ಬೇಡ, ಪೊಲೀಸಪ್ಪ ಬೇಡ. ಆದರೆ ಒಂದು ಎಸಳಿನಿಂದ ರಸ್ತೆಗೆ ಬರುವವನೂ ಪಕ್ಕದ ಎಸಳಿಗೆ ಇಳಿಯುವವನೂ ಅದೇ ಗೇಣುದ್ದ ಜಾಗದಲ್ಲಿ ಒಬ್ಬರಿಗೊಬ್ಬರು ಅಡ್ಡ ಬರುತ್ತಾರೆ. ಎಂಜಿನಿಯರುಗಳು ಇದಕ್ಕೆ ವೀವಿಂಗ್ ಅಂತ ಹೆಸರಿಟ್ಟಿದ್ದಾರೆ, ಅಂದರೆ ನೇಯ್ಗೆ. ಮಗ್ಗದಲ್ಲಿ ನೇಯ್ದರೆ ಇಳಕಲ್ ಸೀರೆ ಬರುತ್ತದೆ, ಇಲ್ಲಿ ನೇಯ್ದರೆ ಬಂಪರ್ ಹೋಗುತ್ತದೆ. ಹೆಬ್ಬಾಳದಲ್ಲಂತೂ ಒಂದು ಕಡೆ ಕೆರೆ, ಇನ್ನೊಂದು ಕಡೆ ರೈಲು ಹಳಿ, ಹಾಗಾಗಿ ಎಲೆಯೂ ಪೂರ್ತಿ ಬಿಡಲಿಲ್ಲ.

ಜಾಮ್‌ಗೆ ಬಡ್ತಿ ಸಿಕ್ಕಿದ್ದು 2008ರ ಮೇ ತಿಂಗಳಲ್ಲಿ, ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದಾಗ. ದೇವನಹಳ್ಳಿ ಏನು ರಾತ್ರೋರಾತ್ರಿ ಬಂದದ್ದಲ್ಲ, ಫ್ಲೈಓವರ್ ಕಟ್ಟುವ ಮುಂಚಿನಿಂದಲೂ ಅದರ ಮಾತು ಇತ್ತು. ಆದರೂ ನಗರದ ಕಡೆ ಬರುವವರಿಗೆ ಸೇತುವೆ ಮೇಲೆ ಇಟ್ಟಿದ್ದು ಎರಡೇ ಪಥ. ಆಮೇಲೆ ಹೆಬ್ಬಾಳದಿಂದಾಚೆ ಎತ್ತರದ ಎಕ್ಸ್‌ಪ್ರೆಸ್‌ವೇ ಬಂತು. ಟೋಲ್ ಕೊಟ್ಟು ಮೇಲಿನಿಂದ ಜುಮ್ಮಂತ ಬಂದವರು, ಕೆಳಗೆ ಸರ್ವಿಸ್ ರಸ್ತೆಯಲ್ಲಿ ತೆವಳಿಕೊಂಡು ಬಂದವರು, ವರ್ತುಲ ರಸ್ತೆಯಿಂದ ನುಗ್ಗಿದವರು, ಎಲ್ಲರೂ ಕೊನೆಗೆ ಅದೇ ಎರಡು ಪಥಕ್ಕೆ. ಕೊಪ್ಪರಿಗೆ ನೀರನ್ನು ಎಣ್ಣೆ ಬಾಟಲಿಯ ಆಲಿಕೆಗೆ ಸುರಿದ ಹಾಗೆ. ಎಕ್ಸ್‌ಪ್ರೆಸ್‌ವೇಯಿಂದ ಆದ ಲಾಭ ಏನಪ್ಪಾ ಅಂದರೆ, ಜಾಮ್ ಹತ್ತಿರಕ್ಕೆ ಬೇಗ ತಲುಪುತ್ತೀರಿ.

ನಮ್ಮ ಭಾವ ಹೋದ ವರ್ಷ ಹುಬ್ಬಳ್ಳಿಯಿಂದ ವಿಮಾನದಲ್ಲಿ ಬಂದರು. ಒಂದು ಗಂಟೆ ಚಿಲ್ಲರೆ ಪ್ರಯಾಣ. ಕರೆತರಲು ನಾನೇ ಹೋಗಿದ್ದೆ. ಕೊಡಿಗೇಹಳ್ಳಿಯಿಂದ ಮೇಖ್ರಿ ಸರ್ಕಲ್‌ಗೆ ಬರಲು ಹೆಚ್ಚುಕಮ್ಮಿ ಅಷ್ಟೇ ಹೊತ್ತಾಯಿತು. ಕೆರೆ ಕಾಣುವ ಜಾಗದಲ್ಲಿ ಕಾರು ನಿಂತು ಎಷ್ಟೋ ಹೊತ್ತಾದ ಮೇಲೆ ಅವರು ನಿಧಾನವಾಗಿ, ‘ಮೊದಲ ಹೇಳಿದ್ರ ಬುತ್ತಿ ಕಟಗೊಂಡ ಬರ್ತಿದ್ನೆಲ್ಲೋ’ ಅಂದರು. ನಾನು ಕೆರೆಯಲ್ಲಿ ಹಕ್ಕಿ ಚೆನ್ನಾಗಿದ್ದಾವೆ ನೋಡಿ ಅಂದೆ.

ಮುಂದಿನ ವರ್ಗಾವಣೆ ಆದೇಶ 2016ರಲ್ಲಿ ಹೊರಟಿತು. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಸೇತುವೆ, ಖರ್ಚು 1,791 ಕೋಟಿ, ಕಡಿಯಬೇಕಾದ ಮರ 812. ಜನ ‘ಬೇಡ’ ಅಂದರು, ಅಕ್ಟೋಬರ್‌ನಲ್ಲಿ ಸಾಲಾಗಿ ಕೈಕೈ ಹಿಡಿದು ನಿಂತರು. ಗಮನಿಸಿ, ಆ ರಸ್ತೆಯಲ್ಲಿ ಜನ ಶಿಸ್ತಾಗಿ ಸಾಲು ನಿಂತಿದ್ದು ಅವತ್ತೊಂದೇ ದಿನ ಇರಬೇಕು. 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ಟರು. ಸರ್ಕಾರಿ ನೌಕರರ ತಕರಾರು ಕೇಳುವ ನ್ಯಾಯಮಂಡಳಿ ಕೆಎಟಿಯಿಂದ ವರ್ಗಾವಣೆಗೆ ತಡೆ ತಂದ ನೌಕರನ ಹಾಗೆ ನಮ್ಮ ಜಾಮ್ ಅದೇ ಕುರ್ಚಿಯಲ್ಲಿ ಮುಂದುವರಿಯಿತು.

ಆಮೇಲೆ 2025ರ ಆಗಸ್ಟ್. ಕೆ.ಆರ್. ಪುರದ ಕಡೆಯಿಂದ ಮೇಖ್ರಿ ಸರ್ಕಲ್ ಕಡೆ ಹೋಗುವವರಿಗೆ ಹೊಸ ಲೂಪ್, ಸುಮಾರು 700 ಮೀಟರ್. ಉದ್ಘಾಟನೆಗೆ ಮುಂಚೆ ಉಪಮುಖ್ಯಮಂತ್ರಿಗಳು ಅದರ ಮೇಲೆ ಸ್ಕೂಟರ್ ಓಡಿಸಿ ತೋರಿಸಿದರು. ಮಾರನೇ ದಿನ ನೋಡಿದರೆ ಆ ಸ್ಕೂಟರ್ ಮೇಲೆ 34 ಸಂಚಾರ ನಿಯಮ ಉಲ್ಲಂಘನೆ, 18,500 ರೂಪಾಯಿ ದಂಡ ಬಾಕಿ! ಸ್ಕೂಟರ್ ಅವರದ್ದಲ್ಲ ಬಿಡಿ. ನನಗೆ ಆಶ್ಚರ್ಯ ಅದಲ್ಲ. ನಿಂತಲ್ಲೇ ನಿಲ್ಲುವ ಈ ಊರಿನಲ್ಲಿ 34 ಸಲ ನಿಯಮ ಮುರಿಯುವಷ್ಟು ಓಡಾಡಲು ಆ ಸ್ಕೂಟರ್‌ಗೆ ದಾರಿ ಎಲ್ಲಿ ಸಿಕ್ಕಿತು?

ಲೂಪ್ ಇಳಿದರೆ ಮುಂದೆ ಮೇಖ್ರಿ ಸರ್ಕಲ್. ಜಾಮ್‌ಗೆ ಅಲ್ಲಿ ಕ್ವಾರ್ಟರ್ಸ್ ಮೊದಲೇ ಸಿದ್ಧ. ಪಕ್ಕದಲ್ಲೇ ಅರಮನೆ ಮೈದಾನ, ರಸ್ತೆ ಅಗಲ ಮಾಡೋಣ ಅಂದರೆ ಆ ಜಾಗದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಅಂದರೆ ಖಾಯಂ ಪೋಸ್ಟಿಂಗ್.

ಅಂದಹಾಗೆ ಹೆಬ್ಬಾಳದಲ್ಲಿ ಸಿಕ್ಕ ಒಂದು ವೀರಗಲ್ಲಿದೆ, ಕ್ರಿ.ಶ. 750ರ ಸುಮಾರಿನದ್ದು, ಗಂಗರ ಕಾಲದ್ದು. ಕಿತ್ತಯ್ಯ ಅನ್ನುವವನು ಇಲ್ಲಿ ಕಾದಾಡಿ ಸತ್ತ ಅಂತ ಅದರಲ್ಲಿದೆ. ಊರಿನ ಹೆಸರು ಆಗ ಪೆರ್ಬೊಳಲ್, ದೊಡ್ಡ ಊರು ಅಂತ. ಎದುರಾಳಿಗಳಾದರೂ ಒಂದು ದಿಕ್ಕಿನಿಂದ ಬಂದಿರಬೇಕು ಪಾಪ, ಎಸಳಿನಿಂದ ಇಳಿದವರಲ್ಲ.

ಈಗಿನ ಹೊಸ ಮಾತು ಸುರಂಗ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಹದಿನಾರು ಹದಿನೇಳು ಕಿಲೋಮೀಟರ್, ಖರ್ಚು 17 ಸಾವಿರ ಕೋಟಿ ದಾಟುತ್ತದೆ. ಇಷ್ಟು ದುಡ್ಡು ಯಾಕೆ ಅಂತ ಮೊದಲು ನನಗೂ ಅರ್ಥ ಆಗಲಿಲ್ಲ. ಆಮೇಲೆ ಹೊಳೆಯಿತು. ಮೇಷ್ಟ್ರುಗಳ ವರ್ಗಾವಣೆಯಲ್ಲಿ ‘ಪತಿ-ಪತ್ನಿ ಪ್ರಕರಣ’ ಅಂತ ಒಂದಿದೆಯಲ್ಲ, ಗಂಡ ಒಂದು ತಾಲ್ಲೂಕು, ಹೆಂಡತಿ ಒಂದು ತಾಲ್ಲೂಕು ಇದ್ದರೆ ಇಬ್ಬರನ್ನೂ ಒಂದೇ ಕಡೆ ಹಾಕುವುದು? ಹೆಬ್ಬಾಳದ ಜಾಮ್ ಊರಿನ ಈ ತುದಿ, ಸಿಲ್ಕ್ ಬೋರ್ಡ್ ಜಾಮ್ ಆ ತುದಿ. ಎಷ್ಟು ವರ್ಷದಿಂದ ಬೇರೆ ಬೇರೆ ಇದ್ದಾವೆ, ಪಾಪ. ಸರ್ಕಾರಕ್ಕೂ ಕರುಳಿದೆ ಅಲ್ವಾ?