ಕರಿಯನ ಮೂರನೇ ಇಂಜೆಕ್ಷನ್

‘ಇಂಜೆಕ್ಷನ್ ಬದಲಾಯಿಸಿದ್ದಾರೆ’ ಎಂದು ಅಪ್ಪ ಸೋಮವಾರಪೇಟೆಯಿಂದ ಫೋನಿನಲ್ಲಿ ಹೇಳಿದಾಗ ನಾನು ಚೆನ್ನೈಯಲ್ಲಿ ಲಿಫ್ಟಿಗೆ ಕಾಯುತ್ತಿದ್ದೆ. ನಮ್ಮ ನಾಯಿ ಕರಿಯನಿಗೆ ಹತ್ತು ದಿನಗಳಲ್ಲಿ ಇದು ಮೂರನೆಯ ಇಂಜೆಕ್ಷನ್. ಕಾಯಿಲೆ ಏನೆಂದು ಕೇಳಿದೆ. ‘ಉಣ್ಣೆ ಜ್ವರವೇ ಇರಬೇಕಂತೆ.’ ಆ ‘ಇರಬೇಕಂತೆ’ ರಾತ್ರಿಯಿಡೀ ಕಿವಿಯಲ್ಲಿ ಕುಟುಕುತ್ತಿತ್ತು.

ಕರಿಯನಿಗೆ ಹನ್ನೆರಡು ವರ್ಷ. ಕಾಫಿ ತೋಟದ ನಾಯಿಗೆ ರಕ್ತ ಹೀರುವ ಉಣ್ಣೆ ಹುಳು ಹೊಸದಲ್ಲ, ಆದ್ದರಿಂದ ಏನಾದರೂ ಉಣ್ಣೆ ಜ್ವರವೆಂದೇ ನಮ್ಮವರ ತೀರ್ಮಾನ. ಆ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಅಮ್ಮ ಹಾಲಿನಲ್ಲಿ ಕರಗಿಸಿ ಕುಡಿಸುತ್ತಿದ್ದರು. ಹಾಲಿನ ಜೊತೆ ಅದು ದೇಹಕ್ಕೆ ಸರಿಯಾಗಿ ಸೇರುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ತೋಟದ ಕೆಲಸಗಾರರ ಲೈನ್‌ಮನೆಯವರೊಬ್ಬರು ಬೆಳ್ಳುಳ್ಳಿ ಅರೆದು ತಿನ್ನಿಸಲು ಹೇಳಿದ್ದರಂತೆ. ನಾಯಿಯ ರಕ್ತಕಣಗಳನ್ನೇ ಒಡೆಯುವ ವಸ್ತು ಅದು, ಪುಣ್ಯಕ್ಕೆ ಕರಿಯನೇ ಮೂಸಿ ಬಿಟ್ಟ.

ಇಲ್ಲಿ ನಮ್ಮ ಎದುರು ಮನೆಯ ಮುದಿ ಲ್ಯಾಬ್ರಡಾರ್‌ಗೂ ಹೀಗೇ ಆಗಿತ್ತು. ನಾಲ್ಕನೇ ದಿನವೂ ಜ್ವರ ಇಳಿಯದಿದ್ದಾಗ ವೈದ್ಯೆ ಹೊಸ ಔಷಧಿ ಬರೆಯಲಿಲ್ಲ. ‘ಉಣ್ಣೆ ಜ್ವರವಾಗಿದ್ದರೆ ಇಷ್ಟರಲ್ಲಿ ಚೇತರಿಕೆ ಕಾಣಬೇಕಿತ್ತು, ನಾನು ಹಿಡಿದ ಕಾಯಿಲೆಯೇ ತಪ್ಪಿರಬಹುದು’ ಎಂದು ಮೊದಲಿನಿಂದ ಶುರುಮಾಡಿದರು: ಗಾಜಿನ ಮೇಲೆ ರಕ್ತ ಸವರಿ ನೋಡುವ ಪರೀಕ್ಷೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್, ಮೂತ್ರ, ಸ್ಕ್ಯಾನ್. ಸಮಸ್ಯೆ ಮೂತ್ರಪಿಂಡದಲ್ಲಿತ್ತು. ಹಾಳೆ ಹರಿಯುವ ಕ್ಯಾಲೆಂಡರಿನಲ್ಲಿ ದಿನವೂ ಗುರುತು ಹಾಕಲು ಹೇಳಿದರು: ತಾನಾಗಿ ತಿಂದಿತೇ, ಎದ್ದು ಹೊರಗೆ ಹೋಯಿತೇ, ಬಾಲ ಅಲ್ಲಾಡಿಸಿತೇ. ಕೆಟ್ಟ ದಿನಗಳು ಹೆಚ್ಚಾದಾಗ ಬನ್ನಿ, ಮುಂದಿನದು ಮಾತನಾಡೋಣ ಎಂದರು. ಆ ‘ಮುಂದಿನದು’ ಏನೆಂದು ಮನೆಯವರಿಗೆ ತಿಳಿದಿತ್ತು. ನಮ್ಮಲ್ಲಿ ಆ ಮಾತೆತ್ತಿದರೆ ಅಮ್ಮ, ‘ಅನ್ನ ಹಾಕಿದ ಕೈಯಲ್ಲಿ ಕೊಲ್ಲುವುದೇ?’ ಎಂದು ಫೋನ್ ಅಪ್ಪನ ಕೈಗೆ ಕೊಟ್ಟುಬಿಡುತ್ತಾರೆ. ನಾಯಿ ನರಳುವುದು ಬೇರೆ ಲೆಕ್ಕ. ನಾವು ನಿರ್ಧರಿಸಬಾರದು, ಅಷ್ಟೇ. ‘ಗುಣವಾಗುತ್ತಿಲ್ಲ’ ಎಂದು ಯಾರೂ ಬಾಯಿಬಿಟ್ಟು ಹೇಳದಿರಲು ಇಂಜೆಕ್ಷನ್ ಬದಲಾಗುತ್ತಲೇ ಇರಬೇಕು. ಇದು ನನಗೆ ಸಹಿಸಲಾಗದು.

ಕರಿಯನಿಗೂ ಎಲ್ಲ ಪರೀಕ್ಷೆ ಮಾಡಿಸಲೇಬೇಕೆಂದು ನಾನು ಹಟ ಹಿಡಿದೆ. ಕಾಫಿ ಕುಯಿಲಿನ ನಡುವೆ, ಆಳು ಸಿಗುವುದೇ ಕಷ್ಟವಿರುವ ಜನವರಿಯಲ್ಲಿ, ಅಪ್ಪ ಕರಿಯನನ್ನು ಜೀಪಿನ ಹಿಂದೆ ಗೋಣಿಚೀಲದ ಮೇಲೆ ಮಲಗಿಸಿಕೊಂಡು ಮೈಸೂರಿಗೆ ಹೋದರು. ಹೋಗಲು ಮಾತ್ರವೇ 100 ಕಿಲೋಮೀಟರಿಗೂ ಹೆಚ್ಚು. ವರದಿ ಬಂತು: ಇವನಿಗೂ ಮೂತ್ರಪಿಂಡವೇ. ಕ್ರಿಯಾಟಿನಿನ್ ಏರುವ ಹೊತ್ತಿಗೆ ಮುಕ್ಕಾಲು ಪಾಲು ಕೆಲಸ ನಿಂತಿರುತ್ತದೆ. ಈಗ ವಾಂತಿ ತಡೆಯಲು ಒಂದು ಔಷಧಿ, ದಿನ ಬಿಟ್ಟು ದಿನ ಚರ್ಮದಡಿ ಸಲೈನ್. ಸೂಜಿ ಹಾಕುವುದನ್ನು ಅಪ್ಪನೇ ಕಲಿತರು. ಕ್ಯಾಲೆಂಡರಿನಲ್ಲಿ ದಿನವೂ ಗುರುತು ಹಾಕಲು ನಾನೂ ಹೇಳಿದೆ.

ಒಪ್ಪಲೇಬೇಕಾದ ಒಂದೆರಡು ಮಾತುಗಳಿವೆ. ಊರಿನ ಪಶುವೈದ್ಯರು ಒಂದೇ ದಿನದಲ್ಲಿ ಹಸು, ಹಂದಿ, ಕೋಳಿ ಎಲ್ಲವನ್ನೂ ನೋಡಬೇಕು, ಅವರ ಬಳಿ ಸ್ಕ್ಯಾನ್ ಯಂತ್ರವಿಲ್ಲ. ಎದುರು ಮನೆಯ ಲ್ಯಾಬ್ರಡಾರ್ ಕೊನೆಗೆ ಸ್ಟೀಲ್ ಮೇಜಿನ ಮೇಲೆ ಮಲಗಿದಾಗ ಮನೆಯವರಲ್ಲಿ ಒಬ್ಬರು ಮಾತ್ರ ಜೊತೆಗಿದ್ದರು, ಉಳಿದವರಿಗೆ ಕಚೇರಿ. ಕರಿಯ ಕಣದಲ್ಲಿ ಒಣಗುತ್ತಿರುವ ಕಾಫಿಯ ಪಕ್ಕದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾನೆ, ಬಂದವರೆಲ್ಲ ಹೆಸರು ಹಿಡಿದು ಕರೆಯುತ್ತಾರೆ.

ನಿನ್ನೆಯ ಗುರುತು ಏನು ಎಂದು ಇಂದು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಕಲಿಲ್ಲ, ಮರೆತೆ. ಸಂಜೆಯವರೆಗೂ ಅವನ ಹತ್ತಿರವೇ ಕೂತಿದ್ದೆ’ ಎಂದರು.