ಎಲ್‌ಎಲ್‌ಆರ್ ಸಿಕ್ಕಿತು, ಪಕ್ಕದಲ್ಲಿ ಕೂರುವವರು ಯಾರು?

ಏಜೆಂಟ್ ಇಲ್ಲದೆ ಮನೆಯಲ್ಲೇ ಕೂತು ಎಲ್‌ಎಲ್‌ಆರ್ (ಗಾಡಿ ಕಲಿಯುವವರ ಲೈಸೆನ್ಸ್) ಮಾಡಿಸಬಹುದು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿಯಾದ ಮಾತು. ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿದ್ದರೆ ಸರ್ಕಾರದ ಸಾರಥಿ ವೆಬ್‌ಸೈಟ್‌ನಲ್ಲೇ ಅರ್ಜಿ, ಶುಲ್ಕ, ಪರೀಕ್ಷೆ ಎಲ್ಲ ಮುಗಿಯುತ್ತದೆ. 40 ದಾಟಿದವರು ಡಾಕ್ಟರ್ ಹತ್ತಿರ ಫಾರಂ 1ಎಗೆ (ವೈದ್ಯಕೀಯ ಪ್ರಮಾಣಪತ್ರ) ಸಹಿ ಮಾಡಿಸಬೇಕು, ಅಷ್ಟೇ.

ಆದರೆ ಎಲ್‌ಎಲ್‌ಆರ್ ಕೈಗೆ ಬಂದ ಮೇಲೆ ಏನು ಅನ್ನುವುದನ್ನು ಬಿಟ್ಟಿದ್ದೀರಿ. ತಪ್ಪು ಜಾಸ್ತಿ ಆಗುವುದು ಅಲ್ಲೇ ಅಲ್ವಾ? ಎಲ್ ಸ್ಟಿಕ್ಕರ್ ಅಂಟಿಸಿದರೆ ಒಬ್ಬರೇ ಕಾರು ಓಡಿಸಬಹುದು ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ. ಡಿಎಲ್ (ಪೂರ್ತಿ ಡ್ರೈವಿಂಗ್ ಲೈಸೆನ್ಸ್) ಇರುವವರು ಪಕ್ಕದಲ್ಲಿ ಇರಲೇಬೇಕು, ಅದೂ ಬೇಕಾದಾಗ ಗಾಡಿ ನಿಲ್ಲಿಸಲು ಆಗುವ ಹಾಗೆ. ಹಿಂದಿನ ಸೀಟಲ್ಲಿ ಮಲಗಿರುವ ಮಾವ ಲೆಕ್ಕಕ್ಕಿಲ್ಲ! ಬೈಕ್ ಆದರೆ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ.

ಇನ್ನೊಂದು, 16 ವರ್ಷಕ್ಕೇ ಗೇರ್‌ಲೆಸ್ ಗಾಡಿಗೆ ಎಲ್‌ಎಲ್‌ಆರ್ ಸಿಗುತ್ತದೆ ಅಂದಿದ್ದೀರಿ. ಅದು 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಈಗ ರಸ್ತೆಯಲ್ಲಿ ಕಾಣುವ ಸ್ಕೂಟರ್‌ಗಳು ಹೆಚ್ಚಾಗಿ 110, 125 ಸಿಸಿ. ಪಿಯುಸಿ ಮಕ್ಕಳಿಗೆ ಅದನ್ನು ಕೊಟ್ಟು ಸುಮ್ನೆ ಇರುವ ಅಪ್ಪ ಅಮ್ಮಂದಿರು ಇದನ್ನು ಓದಬೇಕು. ಗಾಡಿಯ ಮಾಲೀಕರ ಮೇಲೂ ಕೇಸು ಬೀಳುತ್ತದೆ.

ಎಲ್‌ಎಲ್‌ಆರ್ ಅವಧಿ 6 ತಿಂಗಳು. 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟ್‌ಗೆ ಹೋಗಬಹುದು. ಮುಂದಿನ ಸಲ ಟೆಸ್ಟ್ ಟ್ರ್ಯಾಕ್‌ನಲ್ಲಿ ಎಂಟು ಹಾಕುವುದರ (8ರ ಆಕಾರದಲ್ಲಿ ಗಾಡಿ ಓಡಿಸುವುದರ) ಬಗ್ಗೆ ಬರೆಯಿರಿ, ನನ್ನ ತಂಗಿ ಕಾಯುತ್ತಿದ್ದಾಳೆ.